ಅಣುಗಳನ್ನು ಸಾಲಾಗಿ ಕೂರಿಸುವವರು ಯಾರು?

ಪ್ರಶ್ನೆ: ನಾನು ಇಳಕಲ್ಲಿನವಳು. ವಿಜಯಪುರದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೈಮಗ್ಗವಿದೆ. ಕೆಲವು ಅಣುಗಳನ್ನು ನಯವಾದ ಮೇಲ್ಮೈ ಮೇಲೆ ಬಿಟ್ಟರೆ ಅವು ಯಾರ ನೆರವೂ ಇಲ್ಲದೆ ಜೇನುಗೂಡಿನಂತೆ ಜೋಡಿಸಿಕೊಳ್ಳುತ್ತವೆ, ಪ್ಲಾಸ್ಟಿಕ್ಕಿನಂತೆ ಬಾಗುವ ಸಾವಯವ, ಅಂದರೆ ಇಂಗಾಲದ ಅಣುಗಳಿಂದಾದ, ಸೌರಕೋಶಗಳಿಗೆ ಇದು ಬಹಳ ಮುಖ್ಯ ಎಂದು ತರಗತಿಯಲ್ಲಿ ಹೇಳಿದರು. ಜಗತ್ತಿನಲ್ಲಿ ಅಸ್ತವ್ಯಸ್ತತೆ ಹೆಚ್ಚುತ್ತಲೇ ಹೋಗುತ್ತದೆ ಎಂದು ಓದಿರುವ ನನಗೆ ಇದನ್ನು ಒಪ್ಪಲು ಆಗುತ್ತಿಲ್ಲ. ಒಂದೇ ಪದರದ ಅಣುಗಳ ಚಿತ್ರ ನೋಡಿ ಸೌರಕೋಶದ ಬಗ್ಗೆ ಏನು ತಿಳಿಯುತ್ತದೆ? ಪ್ರಾಜೆಕ್ಟಿಗೆ ಈ ವಿಷಯವನ್ನು ಆಯ್ದುಕೊಳ್ಳಬಹುದೇ?

ಉತ್ತರ: ನಿಮ್ಮ ಮನೆಯ ಮಗ್ಗದಿಂದಲೇ ಆರಂಭಿಸುತ್ತೇನೆ. ಹಾಸಿನ, ಅಂದರೆ ಉದ್ದನೂಲಿನ, ಒಂದು ಎಳೆ ಕಡಿದರೆ ನೇಯುವವರು ಏನು ಮಾಡುತ್ತಾರೆ? ಮಗ್ಗ ನಿಲ್ಲಿಸುತ್ತಾರೆ, ತುದಿಗಳನ್ನು ಹುಡುಕಿ ಹೊಸೆಯುತ್ತಾರೆ, ಮತ್ತೆ ಮುಂದುವರಿಯುತ್ತಾರೆ. ಸೀರೆ ಕೆಡದೆ ಉಳಿಯುವುದಕ್ಕೆ ಕೈಚಳಕ ಎಷ್ಟು ಕಾರಣವೋ, ತಪ್ಪನ್ನು ಬಿಚ್ಚಿ ಸರಿಪಡಿಸುವ ಈ ತಾಳ್ಮೆಯೂ ಅಷ್ಟೇ ಕಾರಣ. ಅಣುಗಳ ಲೋಕದಲ್ಲಿ ನೇಯುವವರು ಇಲ್ಲ, ನಿಜ. ಬಿಚ್ಚಿ ಸರಿಪಡಿಸುವ ಕೆಲಸ ಮಾತ್ರ ಅಲ್ಲಿಯೂ ನಡೆಯುತ್ತದೆ, ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇರುವುದು ಅಲ್ಲೇ.

ನಂಬಿಕೆಯಾಗದಿದ್ದರೆ ಒಂದು ಪ್ರಯೋಗ ಮಾಡಿ. ಸೈಕಲ್ ರಿಪೇರಿ ಅಂಗಡಿಯಲ್ಲಿ ಒಂದೇ ಅಳತೆಯ ಉಕ್ಕಿನ ಗುಂಡುಗಳು ಸಿಗುತ್ತವೆ. ಇನ್ನೂರು ಮುನ್ನೂರು ತಂದು ಅಡ್ಡಗೆರೆಯಿಲ್ಲದ ಸಪಾಟು ತಟ್ಟೆಗೆ ಸುರಿಯಿರಿ. ತಟ್ಟೆಯನ್ನು ತುಸು ಓರೆ ಮಾಡಿ ಬೆರಳಿನಿಂದ ಹಗುರವಾಗಿ ತಟ್ಟುತ್ತ ಇರಿ. ಒಂದೆರಡು ನಿಮಿಷದಲ್ಲಿ ಪ್ರತಿ ಗುಂಡಿನ ಸುತ್ತ ಆರು ಗುಂಡುಗಳು ಬಂದು ಕೂರುತ್ತವೆ, ಷಟ್ಕೋನದ ಸಾಲುಗಳು ಏಳುತ್ತವೆ. ನಡುನಡುವೆ ಎರಡು ದಿಕ್ಕಿನ ಸಾಲುಗಳು ಸಂಧಿಸುವ ಬಿರುಕುಗೆರೆಗಳು ಕಾಣುತ್ತವೆ, ಅಲ್ಲಲ್ಲಿ ಒಂದು ಗುಂಡಿನ ಜಾಗ ಖಾಲಿ ಉಳಿದಿರುತ್ತದೆ. ನಿಜವಾದ ಹರಳಿನಲ್ಲಿಯೂ ಇವೇ ದೋಷಗಳು. ಈಗ ಅದೇ ಗುಂಡುಗಳಿಗೆ ಗಟ್ಟಿ ಬೆಲ್ಲದ ಪಾಕ ಸವರಿ ಮತ್ತೆ ಸುರಿಯಿರಿ. ಎಷ್ಟು ತಟ್ಟಿದರೂ ಸಾಲು ಬರುವುದಿಲ್ಲ. ಮೊದಲು ಯಾವುದಕ್ಕೆ ಯಾವುದು ತಾಕಿತೋ ಅಲ್ಲೇ ಅಂಟಿಕೊಂಡು ಗಂಟುಗಂಟಾಗಿ ನಿಲ್ಲುತ್ತದೆ. ಇನ್ನು ಒಣ ಗುಂಡುಗಳ ತಟ್ಟೆಯನ್ನೇ ಜೋರಾಗಿ ಕುಲುಕಿದರೆ ಆಗಲೇ ಮೂಡಿದ್ದ ಸಾಲೂ ಕದಡಿಹೋಗುತ್ತದೆ. ಬೆಳಗಾವಿಯಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಪ್ರತಿ ವರ್ಷ ಈ ತಟ್ಟೆಯನ್ನು ತರಗತಿಗೆ ಒಯ್ಯುತ್ತಿದ್ದೆ. ಹಲಗೆಯ ಮೇಲೆ ಬರೆದ ಯಾವ ಸಮೀಕರಣವೂ ಇಷ್ಟು ಬೇಗ ಮನಸ್ಸಿಗೆ ಇಳಿಯುವುದಿಲ್ಲ ಎಂಬುದು ನನ್ನ ಅನುಭವ.

ಅಣುಗಳ ಪಾಲಿಗೆ ಆ ತಟ್ಟುವ ಬೆರಳು ಎಂದರೆ ಉಷ್ಣ. ಕೋಣೆಯ ತಾಪಮಾನದಲ್ಲಿ ಅಣುಗಳ ಉಷ್ಣಚಲನೆಯ ಶಕ್ತಿಯ ಅಳತೆ ಮೋಲ್‌ಗೆ ಸುಮಾರು 2.5 ಕಿಲೋಜೂಲ್. ಇಂಗಾಲ–ಇಂಗಾಲದ ಒಂದು ಸಹವೇಲೆನ್ಸಿ ಬಂಧವನ್ನು ಕಡಿಯಲು ಬೇಕಾಗುವುದು ಸುಮಾರು 350. ಇದು ಬೆಲ್ಲದ ಪಾಕ ಸವರಿದ ಗುಂಡಿನಂತೆ. ಒಮ್ಮೆ ಕೂಡಿತೆಂದರೆ ಕೂಡಿತು. ಅಣು ಅಣುಗಳನ್ನು ಸಡಿಲವಾಗಿ ಹಿಡಿಯುವ ಹೈಡ್ರೋಜನ್ ಬಂಧದ ಬಲ ಸಾಮಾನ್ಯವಾಗಿ 20ರಿಂದ 30 ಕಿಲೋಜೂಲ್. ಅದು ಹಿಡಿದುಕೊಳ್ಳುತ್ತದೆ, ಆದರೆ ಉಷ್ಣದ ತಟ್ಟುವಿಕೆಗೆ ಆಗಾಗ ಸಡಿಲವೂ ಆಗುತ್ತದೆ. ತಪ್ಪು ಜಾಗದಲ್ಲಿ ಕುಳಿತ ಅಣುವಿಗೆ ಎದ್ದುಹೋಗುವ ಅವಕಾಶ ಉಳಿದಿರುತ್ತದೆ. ಸರಿಯಾದ ಜಾಗದಲ್ಲಿ ಕುಳಿತದ್ದನ್ನು ಸುತ್ತಲಿನ ಎರಡು ಮೂರು ಬಂಧಗಳು ಕೂಡಿ ಹಿಡಿಯುವುದರಿಂದ ಅದು ಬಹಳ ಹೊತ್ತು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಅಚ್ಚುಕಟ್ಟು ಹುಟ್ಟುವುದು ಬಂಧ ದುರ್ಬಲವಾಗಿರುವುದರಿಂದಲೇ. ವಿದ್ಯಾರ್ಥಿಗಳು ಬಲವಾದ ಬಂಧವಿದ್ದರೆ ಗಟ್ಟಿಯಾದ, ಸುಂದರವಾದ ವಿನ್ಯಾಸ ಬರಬೇಕಲ್ಲವೇ ಎಂದು ಕೇಳುತ್ತಾರೆ. ಗಟ್ಟಿಯಾದದ್ದು ಬರುತ್ತದೆ, ಸುಂದರವಾದದ್ದು ಬರುವುದಿಲ್ಲ.

ಇನ್ನು ಎಂಟ್ರೊಪಿಯ, ಅಂದರೆ ನೀವು ಹೇಳಿದ ಅಸ್ತವ್ಯಸ್ತತೆಯ, ಪ್ರಶ್ನೆ. ಅದು ಹೆಚ್ಚಲೇಬೇಕು ಎಂಬ ನಿಯಮ ಸಾಲುಗೂಡುವ ಅಣುಗಳಿಗೆ ಮಾತ್ರ ಹೇಳಿದ್ದಲ್ಲ. ಅವುಗಳನ್ನೂ ಅವುಗಳ ಸುತ್ತಣ ಜಗತ್ತನ್ನೂ ಸೇರಿಸಿ ಹೇಳಿದ್ದು. ದ್ರಾವಣದಲ್ಲಿ ಮನಬಂದಂತೆ ಓಡಾಡುತ್ತಿದ್ದ ಅಣು ಮೇಲ್ಮೈಗೆ ಬಂದು ಕುಳಿತಾಗ ಅದರ ಎಂಟ್ರೊಪಿ ಖಂಡಿತ ಕಡಿಮೆಯಾಗುತ್ತದೆ. ಆದರೆ ಕೂರುವಾಗ ಅದು ಶಾಖವನ್ನು ಹೊರಗೆ ಕೊಡುತ್ತದೆ, ಆ ಶಾಖ ಸುತ್ತಲಿನ ದ್ರವದ ಎಂಟ್ರೊಪಿಯನ್ನು ಹೆಚ್ಚಿಸುತ್ತದೆ. ಜೊತೆಗೆ, ಆ ಜಾಗದಲ್ಲಿ ಮೊದಲೇ ಮಲಗಿದ್ದ ದ್ರಾವಕದ ಹಲವು ಸಣ್ಣ ಅಣುಗಳು ಬಿಡುಗಡೆಯಾಗಿ ದ್ರವಕ್ಕೆ ಮರಳುತ್ತವೆ. ಒಟ್ಟು ಲೆಕ್ಕದಲ್ಲಿ ಅಸ್ತವ್ಯಸ್ತತೆ ಹೆಚ್ಚಿಯೇ ಇರುತ್ತದೆ. ನೀವು ಓದಿದ ನಿಯಮಕ್ಕೆ ಎಳ್ಳಷ್ಟೂ ಭಂಗವಿಲ್ಲ. ಈ ಲೆಕ್ಕ ಬಹಳ ನಾಜೂಕಿನದು ಎಂಬುದೂ ನಿಜ: ಬೆಲ್ಜಿಯಮ್ಮಿನ ಲ್ಯೂವೆನ್‌ನಲ್ಲಿ ಸ್ಟೀವನ್ ಡಿ ಫೇಟರ್ ಅವರ ತಂಡ ತೋರಿಸಿದಂತೆ, ಒಂದೇ ಅಣು ತೆಳು ದ್ರಾವಣದಲ್ಲಿ ತೂತುತೂತಿನ ಜಾಲರಿ ಕಟ್ಟುತ್ತದೆ, ಸಾಂದ್ರ ದ್ರಾವಣದಲ್ಲಿ ಒತ್ತೊತ್ತಾಗಿ ಕೂರುತ್ತದೆ. ಅಣು ಬದಲಾಗಿಲ್ಲ, ಅಡಿಯ ಗ್ರಾಫೈಟ್ ಮೇಲ್ಮೈ ಬದಲಾಗಿಲ್ಲ. ಸೀಸೆಯಲ್ಲಿ ಎಷ್ಟು ಹಾಕಿದೆವು ಎಂಬುದಷ್ಟೇ ಬದಲಾದದ್ದು.

ಇದನ್ನೆಲ್ಲ ಕಣ್ಣಾರೆ ಕಾಣುವಂತೆ ಮಾಡಿದ್ದು ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ, ಅಂದರೆ ಎಸ್‌ಟಿಎಂ. ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನಿಗ್ ಮತ್ತು ಹೈನ್ರಿಖ್ ರೋರರ್ 1981ರಲ್ಲಿ ಅದನ್ನು ರೂಪಿಸಿದರು, 1986ರಲ್ಲಿ ನೊಬೆಲ್ ಪಡೆದರು. ಮೊನಚಾದ ಲೋಹದ ತುದಿಯೊಂದನ್ನು ಮೇಲ್ಮೈಗೆ ಒಂದು ನ್ಯಾನೊಮೀಟರಿಗಿಂತಲೂ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಹತ್ತಿರ ತಂದು, ತಾಕಿಸದೆ, ನಡುವಿನ ಅಂತರವನ್ನು ಎಲೆಕ್ಟ್ರಾನ್‌ಗಳು ದಾಟಿ ಬರುವುದನ್ನು ಅಳೆಯುತ್ತದೆ. ಅಂತರ ಒಂದು ನ್ಯಾನೊಮೀಟರಿನ ಹತ್ತನೇ ಒಂದು ಭಾಗ ಹೆಚ್ಚಿದರೆ ಸಾಕು, ವಿದ್ಯುತ್ತು ಸುಮಾರು ಹತ್ತು ಪಟ್ಟು ಇಳಿಯುತ್ತದೆ. ಹಾಗಾಗಿ ಅಣುವಿನ ಉಬ್ಬುತಗ್ಗು ಅದಕ್ಕೆ ದಿಬ್ಬದಂತೆ ಕಾಣುತ್ತದೆ.

ಇಷ್ಟು ಸೂಕ್ಷ್ಮವಾದ ಉಪಕರಣದ ಸಿದ್ಧತೆ ಎಷ್ಟು ಸರಳ ಎಂದು ಮೊದಲ ಸಲ ನೋಡಿದಾಗ ನಾನು ಬೆರಗಾಗಿದ್ದೆ. ಪ್ಲಾಟಿನಂ–ಇರಿಡಿಯಂ ತಂತಿಯನ್ನು ಇಕ್ಕಳದಲ್ಲಿ ಓರೆಯಾಗಿ ಎಳೆದು ಕತ್ತರಿಸಿದರೆ ತುದಿ ಸಿದ್ಧ. ಗ್ರಾಫೈಟಿನ ತುಂಡಿಗೆ ಅಂಟುಪಟ್ಟಿ ಹಚ್ಚಿ ಕಿತ್ತರೆ ಮೇಲಿನ ಪದರ ಎದ್ದುಬಂದು, ಪರಮಾಣು ಮಟ್ಟದಲ್ಲಿ ಸಪಾಟಾದ, ಯಾರೂ ಮುಟ್ಟದ ಹೊಸ ಮೇಲ್ಮೈ ಸಿಗುತ್ತದೆ. ಅದರ ಮೇಲೆ ದ್ರಾವಣದ ಒಂದು ಸಣ್ಣ ಹನಿ ಇಡಬೇಕು. ದ್ರಾವಕ ಬೇಗ ಆರದಂಥದ್ದಿರಬೇಕು, ಫಿನೈಲ್‌ಆಕ್ಟೇನ್ ಇಲ್ಲವೇ ಉದ್ದ ಸರಪಳಿಯ ಕೊಬ್ಬಿನ ಆಮ್ಲ. ತುದಿಯನ್ನು ಹನಿಯೊಳಗೇ ಇಳಿಸಿ ಚಿತ್ರ ತೆಗೆಯುತ್ತೇವೆ. ಕಷ್ಟವಿರುವುದು ಅಲುಗಾಟದಲ್ಲಿ. ನಾನು ಕೆಲಸ ಕಲಿತ ಪ್ರಯೋಗಾಲಯದ ಪಕ್ಕದಲ್ಲೇ ರಸ್ತೆಯಿತ್ತು. ಒಂದು ಲಾರಿ ಹಾದುಹೋದರೆ ಪರದೆಯ ಮೇಲಿನ ಅಣುಗಳೆಲ್ಲ ಗೀಚುಗೆರೆಗಳಾಗುತ್ತಿದ್ದವು. ರಾತ್ರಿ ಹನ್ನೊಂದರ ಮೇಲೆ ಸಂಚಾರ ತಗ್ಗಿದಾಗ ಕೂತು ಬೆಳಗಿನ ನಾಲ್ಕರವರೆಗೆ ಚಿತ್ರ ತೆಗೆಯುತ್ತಿದ್ದೆವು. ಅಂಥ ಒಂದು ರಾತ್ರಿ, ಒಂದೇ ಜಾಗವನ್ನು ಮತ್ತೆಮತ್ತೆ ಸ್ಕ್ಯಾನ್ ಮಾಡುತ್ತಿದ್ದಾಗ, ಎರಡು ದಿಕ್ಕಿನ ಸಾಲುಗಳಿದ್ದ ಕಡೆ ಸಣ್ಣ ತುಂಡು ಕರಗುತ್ತ, ದೊಡ್ಡ ತುಂಡು ಬೆಳೆಯುತ್ತ, ಅರ್ಧ ಗಂಟೆಯಲ್ಲಿ ಇಡೀ ಜಾಗ ಒಂದೇ ದಿಕ್ಕಿನ ಸಾಲಾದುದನ್ನು ಕಂಡೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ವಿಷಯ ಅದು. ಆದರೂ ಆ ರಾತ್ರಿಯ ಬಳಿಕವೇ ನನಗೆ ಅದು ನಿಜವಾಗಿ ಅರ್ಥವಾಯಿತು.

ನಿಮ್ಮ ಮೇಷ್ಟರು ಹೇಳಿದ ಜೇನುಗೂಡು ಬಹುಶಃ ಟ್ರೈಮೆಸಿಕ್ ಆಮ್ಲದ್ದು. ಒಂದು ಬೆಂಜೀನ್ ಉಂಗುರ, ಅದರಲ್ಲಿ ಒಂದು ಬಿಟ್ಟು ಒಂದು ಮೂಲೆಗೆ ಮೂರು ಕಾರ್ಬಾಕ್ಸಿಲಿಕ್ ಗುಂಪುಗಳು. ಒಂದು ಅಣುವಿನ ಕಾರ್ಬಾಕ್ಸಿಲ್ ಇನ್ನೊಂದರ ಕಾರ್ಬಾಕ್ಸಿಲ್‌ಗೆ ಎದುರಾಗಿ ನಿಂತು ಎರಡೆರಡು ಹೈಡ್ರೋಜನ್ ಬಂಧಗಳಲ್ಲಿ ಕೈಹಿಡಿಯುತ್ತದೆ. ಮೂರು ಕೈಗಳು 120 ಡಿಗ್ರಿ ಅಂತರದಲ್ಲಿರುವುದರಿಂದ ಆರು ಅಣುಗಳು ಸೇರಿ ಒಂದು ಉಂಗುರ, ಉಂಗುರಗಳು ಸೇರಿ ಜೇನುಗೂಡು. ಪ್ರತಿ ಕೋಣೆಯ ಅಗಲ ಸುಮಾರು 1.1 ನ್ಯಾನೊಮೀಟರ್. ಈಗ ಸೌರಕೋಶದ ಕಡೆ ಹೋಗುವ ದಾರಿ ನೋಡಿ: 60 ಇಂಗಾಲದ ಚೆಂಡು, ಫುಲ್ಲರೀನ್, ಎಲೆಕ್ಟ್ರಾನ್ ಮೋಡವೂ ಸೇರಿ ಹೆಚ್ಚುಕಡಿಮೆ ಒಂದು ನ್ಯಾನೊಮೀಟರ್ ಅಗಲ. ಅದು ಈ ಕೋಣೆಯಲ್ಲಿ ಹೇಳಿಮಾಡಿಸಿದಂತೆ ಕೂರುತ್ತದೆ. ಮ್ಯೂನಿಕ್‌ನ ಸಂಶೋಧಕರು 2004ರಲ್ಲಿ ಎಸ್‌ಟಿಎಂ ತುದಿಯಿಂದಲೇ ಈ ಚೆಂಡನ್ನು ಒಂದು ಕೋಣೆಯಿಂದ ಪಕ್ಕದ ಕೋಣೆಗೆ ದೂಡಿ ತೋರಿಸಿದರು. ಫುಲ್ಲರೀನ್ ಎಲೆಕ್ಟ್ರಾನನ್ನು ಸುಲಭವಾಗಿ ತೆಗೆದುಕೊಳ್ಳುವ ಅಣು. ಎಲೆಕ್ಟ್ರಾನ್ ಕೊಡುವ ಅಣುಗಳ ಜಾಲರಿಯಲ್ಲಿ ತೆಗೆದುಕೊಳ್ಳುವ ಅಣುವನ್ನು ಎಣಿಸಿ ಕೂರಿಸಬಹುದು ಎಂಬ ಆಸೆ ಹುಟ್ಟಿದ್ದು ಇಂಥ ಚಿತ್ರಗಳಿಂದ.

ಆ ಆಸೆ ಏಕೆ ಇಷ್ಟು ದೊಡ್ಡದು ಎಂಬುದು ತಿಳಿಯಬೇಕಾದರೆ ಸಾವಯವ ಸೌರಕೋಶದ ಒಂದು ತೊಡಕನ್ನು ತಿಳಿಯಬೇಕು. ನಮ್ಮ ಮಾಳಿಗೆಗಳ ಮೇಲಿರುವ ಸಿಲಿಕಾನ್ ಫಲಕದಲ್ಲಿ ಬೆಳಕು ಬಿದ್ದೊಡನೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ರಂಧ್ರ ಬೇರೆಬೇರೆಯಾಗಿ ಓಡಾಡತೊಡಗುತ್ತವೆ. ಸಾವಯವ ವಸ್ತುವಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ವಿದ್ಯುತ್ ಸೆಳೆತವನ್ನು ಮಂಕಾಗಿಸುವ ಗುಣ, ಅಂದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ, ಬರೀ 3 ಅಥವಾ 4. ಸಿಲಿಕಾನ್‌ನಲ್ಲಿ ಸುಮಾರು 12. ಹಾಗಾಗಿ ಎಲೆಕ್ಟ್ರಾನ್ ಮತ್ತು ರಂಧ್ರ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಎಕ್ಸಿಟಾನ್ ಎಂಬ ಜೋಡಿಯಾಗಿ ಉಳಿಯುತ್ತವೆ. ಅದನ್ನು ಬಿಡಿಸಲು ಸಾಮಾನ್ಯವಾಗಿ 0.3ರಿಂದ 0.5 ಎಲೆಕ್ಟ್ರಾನ್‌ವೋಲ್ಟ್ ಬೇಕು; ಕೋಣೆಯ ಉಷ್ಣ ಕೊಡಬಲ್ಲದ್ದು 0.025 ಮಾತ್ರ. ಎಲೆಕ್ಟ್ರಾನ್ ಕೊಡುವ ವಸ್ತು ಮತ್ತು ತೆಗೆದುಕೊಳ್ಳುವ ವಸ್ತು ಕೂಡುವ ಗಡಿಗೆ ಬಂದರೆ ಮಾತ್ರ ಜೋಡಿ ಬಿಡಿಸಿಕೊಳ್ಳುತ್ತದೆ. ಆ ಗಡಿಯನ್ನು ಹುಡುಕಿಕೊಂಡು ಅದು ಅಲೆಯಬಲ್ಲ ದೂರ ಸುಮಾರು 10 ನ್ಯಾನೊಮೀಟರ್. ಅಷ್ಟರಲ್ಲಿ ಗಡಿ ಸಿಗದಿದ್ದರೆ ಹಿಡಿದ ಬೆಳಕು ಶಾಖವಾಗಿ ವ್ಯರ್ಥ.

ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ 1986ರಲ್ಲಿ ಪ್ರಕಟಿಸಿದ ಕೋಶದಲ್ಲಿ ಎರಡು ಪದರಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಒಂದು ಪದರ ತಾಮ್ರದ ಥ್ಯಾಲೋಸಯನಿನ್. ಮುದ್ರಣದ ಶಾಯಿಯಲ್ಲಿ, ಗೋಡೆಯ ಬಣ್ಣದಲ್ಲಿ ನಾವು ದಿನವೂ ಕಾಣುವ ಗಾಢ ನೀಲಿ ಅದೇ. ದಕ್ಷತೆ, ಅಂದರೆ ಬಿದ್ದ ಬೆಳಕಿನಲ್ಲಿ ವಿದ್ಯುತ್ತಾದ ಪಾಲು, ಸುಮಾರು ಶೇ 1. ಗಡಿ ಒಂದೇ ಇದ್ದುದರಿಂದ ಅದರ ಆಚೀಚೆ 10 ನ್ಯಾನೊಮೀಟರಿನೊಳಗೆ ಹುಟ್ಟಿದ ಜೋಡಿಗಳಷ್ಟೇ ಉಪಯೋಗಕ್ಕೆ ಬಂದವು. ಬೆಳಕನ್ನು ಚೆನ್ನಾಗಿ ಹೀರಲು ಪದರ 100 ನ್ಯಾನೊಮೀಟರಿನಷ್ಟಾದರೂ ದಪ್ಪವಿರಬೇಕು, ಜೋಡಿ ಬದುಕಲು 10ರ ಒಳಗೆ ಗಡಿ ಇರಬೇಕು: ಎರಡೂ ಒಟ್ಟಿಗೆ ಹೇಗೆ ಸಾಧ್ಯ? 1995ರಲ್ಲಿ ಅಮೆರಿಕದ ವಿಜ್ಞಾನಿ ಅಲನ್ ಹೀಗರ್ ಅವರ ತಂಡ ಉತ್ತರ ಕೊಟ್ಟಿತು. ಎರಡೂ ವಸ್ತುಗಳನ್ನು ಒಂದೇ ದ್ರಾವಣದಲ್ಲಿ ಬೆರೆಸಿ ಒಣಗಿಸಿದರೆ, ಎಲ್ಲಿ ನೋಡಿದರೂ ಗಡಿಯೇ.

ಇಳಕಲ್ಲಿನವರಾದ ನಿಮಗೆ ಇದನ್ನು ಕೊಂಡಿಯ ಮೂಲಕ ಹೇಳುವುದು ಸುಲಭ. ಮೈಭಾಗದ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಹಾಕಿ ಕೊಂಡಿ ಕೂಡಿಸುತ್ತಾರೆ. ಒಂದು ಕುಣಿಕೆ ತಪ್ಪಿದರೂ ಆ ಎಳೆ ಸೆರಗಿಗೆ ಮುಂದುವರಿಯುವುದಿಲ್ಲ. ಸೌರಕೋಶದಲ್ಲಿಯೂ ಎರಡು ಬಗೆಯ ವಸ್ತುಗಳು ಅಷ್ಟೇ ಹತ್ತಿರವಾಗಿ ಕೂಡಬೇಕು, ಕೂಡಿದ ಮೇಲೆ ಪ್ರತಿ ಎಳೆಯೂ ತನ್ನ ತನ್ನ ದಿಕ್ಕಿಗೆ ಕಡಿಯದೆ ಹೋಗಬೇಕು: ಎಲೆಕ್ಟ್ರಾನ್ ಒಂದು ವಿದ್ಯುದ್ವಾರಕ್ಕೆ, ರಂಧ್ರ ಇನ್ನೊಂದಕ್ಕೆ. ತೀರಾ ಚೆನ್ನಾಗಿ ಬೆರೆತರೆ ಗಡಿ ಬೇಕಾದಷ್ಟಿರುತ್ತದೆ, ದಾರಿ ಇರುವುದಿಲ್ಲ. ತೀರಾ ಬೇರ್ಪಟ್ಟರೆ ದಾರಿ ಇರುತ್ತದೆ, ಗಡಿ ದೂರವಾಗುತ್ತದೆ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಕೊಂಡಿ ಹಾಕುವವರ ಬೆರಳಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತು. ನಮ್ಮ ಮಿಶ್ರಣ ಒಣಗುವ ಕೆಲವು ಸೆಕೆಂಡುಗಳಲ್ಲಿ ಅಣುಗಳೇ ಅದನ್ನು ತೀರ್ಮಾನಿಸಬೇಕು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಒಂದು ಪದರದ ಚಿತ್ರದಿಂದ 100 ನ್ಯಾನೊಮೀಟರ್ ದಪ್ಪದ ಕೋಶದ ಬಗ್ಗೆ ಏನು ತಿಳಿಯುತ್ತದೆ? ಬಹಳ ಜನ ಇದನ್ನು ಕೇಳುವ ಧೈರ್ಯ ಮಾಡುವುದಿಲ್ಲ. ಎಷ್ಟೋ ಸಂಶೋಧನಾ ಬರಹಗಳ ಮೊದಲ ಸಾಲು ಸೌರಶಕ್ತಿಯ ಬಗ್ಗೆ ಇರುತ್ತದೆ, ಒಳಗೆಲ್ಲ ಗ್ರಾಫೈಟಿನ ಮೇಲಿನ ಜೇನುಗೂಡುಗಳೇ ಇರುತ್ತವೆ, ಕೊನೆಯವರೆಗೂ ಒಂದು ಕೋಶ ಕಾಣುವುದಿಲ್ಲ. ಆ ಜೇನುಗೂಡನ್ನು ಪದರದ ಮೇಲೆ ಪದರವಾಗಿ ನೂರು ನ್ಯಾನೊಮೀಟರ್ ಎತ್ತರಕ್ಕೆ ಕಟ್ಟಬಹುದೆಂದು ಒಂದು ಕಾಲದಲ್ಲಿ ನಾನೂ ನಂಬಿದ್ದೆ. ಹಾಗೆ ಆಗುವುದು ಅಪರೂಪ. ಮೇಲ್ಮೈಯ ಹಿಡಿತ ಎರಡು ಮೂರು ಪದರ ದಾಟುವಷ್ಟರಲ್ಲಿ ಸಡಿಲವಾಗುತ್ತದೆ; ಬಳಿಕ ಅಣುಗಳು ತಮ್ಮ ಸಹಜ ಹರಳಿನ ರೂಪಕ್ಕೆ ಮರಳಲು ನೋಡುತ್ತವೆ. ಅಲ್ಲದೆ ಬಳಕೆಯ ಕೋಶದಲ್ಲಿ ತಳದಲ್ಲಿರುವುದು ಗ್ರಾಫೈಟ್ ಅಲ್ಲ, ಇಂಡಿಯಂ–ತವರದ ಆಕ್ಸೈಡ್ ಸವರಿದ ಗಾಜು. ಪರಮಾಣು ಮಟ್ಟದಲ್ಲಿ ಅದು ಒರಟು ನೆಲ.

ಹಾಗಿದ್ದರೂ ಮೊದಲ ಪದರದ ಮಾತು ಮುಖ್ಯ, ಏಕೆಂದರೆ ಅದು ದಿಕ್ಕನ್ನು ತೀರ್ಮಾನಿಸುತ್ತದೆ. ಸಾವಯವ ಅರೆವಾಹಕಗಳ ಅಣುಗಳು ಹೆಚ್ಚಾಗಿ ಚಪ್ಪಟೆ. ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಂತೆ ಅವು ಸುಮಾರು 0.35 ನ್ಯಾನೊಮೀಟರ್ ಅಂತರದಲ್ಲಿ ಅಟ್ಟಿಯಾಗುತ್ತವೆ, ವಿದ್ಯುತ್ತು ರೊಟ್ಟಿಯಿಂದ ರೊಟ್ಟಿಗೆ ಸುಲಭವಾಗಿ ಜಿಗಿಯುತ್ತದೆ. ಸೌರಕೋಶದಲ್ಲಿ ವಿದ್ಯುತ್ತು ಕೆಳಗಿನ ವಿದ್ಯುದ್ವಾರದಿಂದ ಮೇಲಿನದಕ್ಕೆ, ಲಂಬವಾಗಿ ಹೋಗಬೇಕು. ಹಾಗಾಗಿ ಅಣುಗಳು ಮಲಗಿ ಅಟ್ಟಿಯಾದರೆ ಅನುಕೂಲ. ಅಂಚಿನ ಮೇಲೆ ನಿಂತರೆ ವಿದ್ಯುತ್ತು ಅಡ್ಡಕ್ಕೆ ಹರಿಯುತ್ತದೆ. ಅಡ್ಡ ಹರಿವು ಟ್ರಾನ್ಸಿಸ್ಟರಿಗೆ ಒಳ್ಳೆಯದು, ಸೌರಕೋಶಕ್ಕಲ್ಲ. ಥ್ಯಾಲೋಸಯನಿನ್ನಿನ ಉದಾಹರಣೆ ಸ್ಪಷ್ಟವಾಗಿದೆ. ಗಾಜಿನ ಮೇಲೆ ಅದರ ಅಣುಗಳಿಗೆ ಹಿಡಿತ ಕಡಿಮೆ. ಅವು ತಮ್ಮತಮ್ಮಲ್ಲೇ ಒತ್ತಿಕೊಂಡು ಎದ್ದು ನಿಲ್ಲುತ್ತವೆ. ಮೊದಲು ಪೆರಿಲೀನ್ ಜಾತಿಯ ಚಪ್ಪಟೆ ಅಣುವಿನ ತೆಳು ಪದರ ಹಾಸಿ ಅದರ ಮೇಲೆ ಬೆಳೆಸಿದರೆ ಅದೇ ಥ್ಯಾಲೋಸಯನಿನ್ ಮಲಗಿ ಬೆಳೆಯುತ್ತದೆ. ಮಲಗಿದ ಅಣು ಮೇಲಿನಿಂದ ಬೀಳುವ ಬೆಳಕನ್ನೂ ಹೆಚ್ಚು ಹೀರುತ್ತದೆ. ನಾವು ಹಾಸಿದ್ದು ಕೆಲವೇ ನ್ಯಾನೊಮೀಟರ್, ತಿರುಗಿದ್ದು ಅದರ ಮೇಲಿನ ಇಡೀ ಪದರ. ನನ್ನ ಮಟ್ಟಿಗೆ ಮೇಲ್ಮೈ ಅಧ್ಯಯನದಿಂದ ಸೌರಕೋಶಕ್ಕೆ ಸಿಕ್ಕ ಅತ್ಯಂತ ಗಟ್ಟಿಯಾದ ಪಾಠ ಇದು.

ಇನ್ನೊಂದು ಪಾಠ ಈಚಿನದು. ಕೆಳಗಿನ ವಿದ್ಯುದ್ವಾರದ ಮೇಲೆ ರಂಧ್ರಗಳನ್ನು ಬರಮಾಡಿಕೊಳ್ಳಲು ಬಹುಕಾಲ ಪೆಡಾಟ್ ಎಂಬ ಪಾಲಿಮರಿನ ಪದರ ಹಾಕುತ್ತಿದ್ದರು. ಅದು ಆಮ್ಲೀಯ, ನೀರು ಹೀರುತ್ತದೆ, ಕಾಲಕ್ರಮದಲ್ಲಿ ಕೆಳಗಿನ ಆಕ್ಸೈಡನ್ನು ಕೊರೆಯುತ್ತದೆ. ಈಗ ಹಲವರು ಅದರ ಬದಲಿಗೆ ಒಂದೇ ಅಣುವಿನಷ್ಟು ದಪ್ಪದ ಪದರ ಬಳಸುತ್ತಾರೆ: ಒಂದು ತುದಿಯಲ್ಲಿ ಆಕ್ಸೈಡಿಗೆ ಕಚ್ಚಿಕೊಳ್ಳುವ ಫಾಸ್ಫೋನಿಕ್ ಆಮ್ಲ, ಇನ್ನೊಂದು ತುದಿಯಲ್ಲಿ ಕಾರ್ಬಜೋಲ್ ಉಂಗುರ. ಇಲ್ಲಿ ಚಿತ್ರವೂ ಕೋಶವೂ ಒಂದೇ ಆದವು. ಒಂದು ಪದರದ ಅಧ್ಯಯನವೇ ನೇರವಾಗಿ ಕೋಶದ ಒಂದು ಭಾಗದ ಅಧ್ಯಯನ. ಆದರೆ ನಾನು ಮೊದಲು ಹೇಳಿದ ಮಾತು ಇಲ್ಲಿ ಎದುರಾಗುತ್ತದೆ. ಫಾಸ್ಫೋನಿಕ್ ಆಮ್ಲದ ಕಚ್ಚು ಬಲವಾದದ್ದು, ತಪ್ಪಾಗಿ ಕುಳಿತ ಅಣು ಸುಲಭವಾಗಿ ಏಳುವುದಿಲ್ಲ. ದ್ರಾವಣದಲ್ಲೇ ಗುಂಪುಗಟ್ಟಿದ ಅಣುಗಳು ಒಂದು ಕಡೆ ರಾಶಿ ಬೀಳುತ್ತವೆ, ಇನ್ನೊಂದು ಕಡೆ ಬೋಳು ಜಾಗ ಉಳಿಯುತ್ತದೆ. ಬೆಲ್ಲದ ಪಾಕ ಸವರಿದ ಗುಂಡುಗಳನ್ನು ನೆನಪಿಸಿಕೊಳ್ಳಿ. ಗಟ್ಟಿಯಾಗಿಯೂ ಇರಬೇಕು, ತಿದ್ದಿಕೊಳ್ಳಲೂ ಬರಬೇಕು ಎಂಬ ಈ ಬಿಕ್ಕಟ್ಟಿನ ಮೇಲೆ ಈಗ ಬಹಳ ಕೆಲಸ ನಡೆಯುತ್ತಿದೆ.

ಒಣಗುವ ವೇಗದ ಬಗ್ಗೆ ವಿಜಯಪುರದಲ್ಲಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ತಿಕೋಟಾ ಕಡೆ ದ್ರಾಕ್ಷಿಯನ್ನು ಬಿಸಿಲಿಗೆ ಸುರಿಯದೆ ನೆರಳಿನ ಶೆಡ್ಡಿನಲ್ಲಿ ಅಟ್ಟಣಿಗೆಗಳ ಮೇಲೆ ದಿನಗಟ್ಟಲೆ ಒಣಗಿಸುತ್ತಾರೆ; ಬಿಸಿಲಿಗೆ ಬಿದ್ದದ್ದು ಕಂದಾಗುತ್ತದೆ, ನೆರಳಿನದು ಹಸಿರಾಗಿ ಉಳಿಯುತ್ತದೆ. ಕಾರಣಗಳು ಬೇರೆ, ಆದರೆ ಹೇಗೆ ಒಣಗಿತು ಎಂಬುದೇ ಕೊನೆಯ ಗುಣವನ್ನು ತೀರ್ಮಾನಿಸುತ್ತದೆ ಎಂಬುದು ಎರಡೂ ಕಡೆ ನಿಜ. ಕ್ಯಾಲಿಫೋರ್ನಿಯಾದ ಯಾಂಗ್ ಯಾಂಗ್ ಅವರ ತಂಡ 2005ರಲ್ಲಿ ಪಿ3ಎಚ್‌ಟಿ ಎಂಬ ಪಾಲಿಮರ್ ಮತ್ತು ಪಿಸಿಬಿಎಂ ಎಂಬ ಫುಲ್ಲರೀನ್ ಉತ್ಪನ್ನದ ಮಿಶ್ರಣವನ್ನು ಬೇಕೆಂದೇ ನಿಧಾನವಾಗಿ ಒಣಗಿಸಿ ಶೇ 4.4ರ ದಕ್ಷತೆ ಪಡೆಯಿತು. ಆ ಕಾಲಕ್ಕೆ ಅದು ದೊಡ್ಡ ಜಿಗಿತ. ನಿಧಾನ ಎಂದರೆ ಅಣುಗಳಿಗೆ ತಪ್ಪು ತಿದ್ದಿಕೊಳ್ಳಲು ಸಿಕ್ಕ ಹೊತ್ತು. 2019ರಲ್ಲಿ ಚೀನಾದ ಝೌ ಯಿಂಗ್‌ಪಿಂಗ್ ಅವರ ತಂಡ ಫುಲ್ಲರೀನ್ ಅಲ್ಲದ ವೈ6 ಎಂಬ ಅಣುವಿನಿಂದ ಶೇ 15.7 ತಲುಪಿತು. ಈಗ ಪ್ರಯೋಗಾಲಯದ ಸಣ್ಣ ಕೋಶಗಳು ಶೇ 20ರ ಗಡಿ ಮುಟ್ಟಿವೆ.

ಆದರೆ ಒಣಗಿದ ಮೇಲೆ ಅಣುಗಳು ಸುಮ್ಮನಿರುವುದಿಲ್ಲ. ಇದು ನನ್ನನ್ನು ಹಲವು ವರ್ಷಗಳಿಂದ ಕಾಡುವ ವಿಷಯ. ಬಿಚ್ಚಿಕೊಳ್ಳುವ, ಮತ್ತೆ ಕೂಡುವ ಯಾವ ಸ್ವಾತಂತ್ರ್ಯ ಒಳ್ಳೆಯ ವಿನ್ಯಾಸವನ್ನು ಕಟ್ಟಿತೋ ಅದೇ ಸ್ವಾತಂತ್ರ್ಯ ಅದನ್ನು ಕೆಡಿಸುತ್ತದೆ. ಪಿಸಿಬಿಎಂ ಅಣುಗಳಿಗೆ ಬಿಸಿ ತಾಕುತ್ತಿದ್ದರೆ ಅವು ನಿಧಾನವಾಗಿ ತಮ್ಮತಮ್ಮಲ್ಲೇ ಗುಂಪಾಗಿ, ಕೊನೆಗೆ ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಕಾಣುವಷ್ಟು ದೊಡ್ಡ ಹರಳುಗಳಾಗುತ್ತವೆ. 10 ನ್ಯಾನೊಮೀಟರಿನ ಗಡಿ ಮಾಯವಾಗುತ್ತದೆ, ಕೋಶ ಸಾಯುತ್ತದೆ. ವಿಜಯಪುರದ ಏಪ್ರಿಲ್ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿರುವಾಗ ಬಿಸಿಲಿನಲ್ಲಿರುವ ಫಲಕ ಇನ್ನೆಷ್ಟು ಕಾಯುತ್ತದೆ ಎಂದು ಯೋಚಿಸಿ. ನಮ್ಮ ಜಿಲ್ಲೆಗಳ ಮಾಳಿಗೆಗಳಿಗೆ ಸದ್ಯಕ್ಕೆ ಸಿಲಿಕಾನೇ ಸರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸಾವಯವ ಕೋಶ ಇಲ್ಲಿಗೆ ಬರಬೇಕಾದರೆ ದಕ್ಷತೆಗಿಂತ ಮೊದಲು ಈ ಅಲೆದಾಟ ನಿಲ್ಲಬೇಕು.

ಕೊನೆಯದಾಗಿ ಪ್ರಾಜೆಕ್ಟ್. ಆಯ್ದುಕೊಳ್ಳಿ, ಆದರೆ ಎಸ್‌ಟಿಎಂನಿಂದ ಆರಂಭಿಸಬೇಡಿ. ಉಪಕರಣ ಸಿಗುವುದು ಕಷ್ಟ ಎನ್ನುವುದು ಒಂದು ಕಾರಣ. ಅದರ ಚಿತ್ರ ಮೋಸ ಮಾಡುತ್ತದೆ ಎನ್ನುವುದು ಇನ್ನೊಂದು. ಗ್ರಾಫೈಟಿನ ಮೇಲೆ ಡಿಎನ್‌ಎ ಸುರುಳಿ ಕಂಡಿತೆಂದು ಪ್ರಕಟವಾಗುತ್ತಿದ್ದ ಕಾಲದಲ್ಲಿ, 1991ರಲ್ಲಿ, ಏನನ್ನೂ ಹಾಕದ ಬರೀ ಗ್ರಾಫೈಟಿನ ಅಂಚುಗಳೇ ಡಿಎನ್‌ಎಯಂತೆ ಕಾಣುತ್ತವೆ ಎಂದು ಕ್ಲೆಮರ್ ಮತ್ತು ಬೀಬ್ ಎಂಬ ಸಂಶೋಧಕರು ತೋರಿಸಿಕೊಟ್ಟರು. ನಾನು ಕೂಡ ಒಂದು ತಿಂಗಳ ಕಾಲ ದ್ರಾವಕದಲ್ಲಿದ್ದ ಕಲ್ಮಶದ ಸಾಲುಗಳನ್ನು ನನ್ನ ಅಣುಗಳೆಂದು ನಂಬಿ ಅಳೆದಿದ್ದೆ. ಖಾಲಿ ದ್ರಾವಕದ ಹನಿಯನ್ನು ಮೊದಲು ನೋಡಿದ್ದರೆ ಆ ತಿಂಗಳು ಉಳಿಯುತ್ತಿತ್ತು.

ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ, ನಿಮ್ಮ ವಿಭಾಗದಲ್ಲಿ ಇರುವ ಯುವಿ–ವಿಸಿಬಲ್ ಸ್ಪೆಕ್ಟ್ರೋಮೀಟರ್ ಸಾಕು. ಪಿ3ಎಚ್‌ಟಿ ಎರಡು ಬಗೆಯಲ್ಲಿ ಸಿಗುತ್ತದೆ: ಪಕ್ಕದ ಸರಪಳಿಗಳೆಲ್ಲ ಒಂದೇ ಕ್ರಮದಲ್ಲಿ ಜೋಡಿಸಿರುವುದು ಒಂದು, ಕ್ರಮವಿಲ್ಲದೆ ಜೋಡಿಸಿರುವುದು ಇನ್ನೊಂದು. ಎರಡನ್ನೂ ಸ್ವಲ್ಪಸ್ವಲ್ಪವೇ ತರಿಸಿಕೊಳ್ಳಿ, ಏಕೆಂದರೆ ಬೆಲೆ ಹೆಚ್ಚು. ಕ್ಲೋರೋಬೆಂಜೀನಿನಲ್ಲಿ ಕರಗಿಸಿದಾಗ ಎರಡೂ ಹಳದಿ–ಕಿತ್ತಳೆ. ಈ ಕೆಲಸ ಪ್ರಯೋಗಾಲಯದ ಹೊಗೆಗೂಡಿನ (ಫ್ಯೂಮ್ ಹುಡ್) ಕೆಳಗೇ ಆಗಬೇಕು. ತೊಳೆದ ಗಾಜಿನ ಮೇಲೆ ಹರಡಿ ಒಣಗಿಸಿ. ಕ್ರಮವಿರುವುದು ಒಣಗುತ್ತಿದ್ದಂತೆ ನಿಮ್ಮ ಕಣ್ಣೆದುರೇ ನೇರಳೆಗೆ ತಿರುಗುತ್ತದೆ, ಕ್ರಮವಿಲ್ಲದ್ದು ಕಿತ್ತಳೆಯಾಗಿಯೇ ಉಳಿಯುತ್ತದೆ. ಆ ಬಣ್ಣವೇ ಅಣುಗಳು ಸಾಲುಗೂಡಿದ ಗುರುತು. ಸ್ಪೆಕ್ಟ್ರಮ್‌ನಲ್ಲಿ 605 ನ್ಯಾನೊಮೀಟರ್ ಸುತ್ತ ಒಂದು ಭುಜ, ಅಂದರೆ ದೊಡ್ಡ ಉಬ್ಬಿನ ಪಕ್ಕದ ಸಣ್ಣ ಉಬ್ಬು, ಏಳುತ್ತದೆ. ಅದು ಎಷ್ಟು ಎತ್ತರ ಎಂಬುದರಿಂದ ಅಚ್ಚುಕಟ್ಟನ್ನು ಅಳೆಯಬಹುದು. ಬಳಿಕ ಒಂದು ಗಾಜನ್ನು ತೆರೆದಿಟ್ಟು, ಇನ್ನೊಂದನ್ನು ಪೆಟ್ರಿ ತಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸಿ. ಮೂರನೆಯದನ್ನು ಒಣಗಿದ ಮೇಲೆ 120 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿ. ಮೂರರ ಭುಜಗಳನ್ನು ಹೋಲಿಸಿದರೆ ಒಂದು ಒಳ್ಳೆಯ ಅಧ್ಯಾಯವಾಗುತ್ತದೆ. ಮುಂದೆ ಪಿಸಿಬಿಎಂ ಬೆರೆಸಿ, ಅದೇ ಗಾಜುಗಳನ್ನು ಮೇ ತಿಂಗಳ ಮಾಳಿಗೆಯ ಬಿಸಿಗೆ ವಾರಗಟ್ಟಲೆ ಇಟ್ಟು ನೋಡುವ ಕೆಲಸ ಇದೆ. ಗಾಳಿಯ ಆಮ್ಲಜನಕವೂ ಬೆಳಕೂ ಪಾಲಿಮರನ್ನು ಕೆಡಿಸುವುದರಿಂದ, ಕತ್ತಲೆಯಲ್ಲಿ ಮುಚ್ಚಿಟ್ಟ ಇನ್ನೊಂದು ಜೋಡಿಯನ್ನು ಪಕ್ಕದಲ್ಲೇ ಇಡಿ, ಇಲ್ಲದಿದ್ದರೆ ಯಾವುದು ಅಣುಗಳ ಅಲೆದಾಟ, ಯಾವುದು ರಾಸಾಯನಿಕ ಹಾನಿ ಎಂದು ಬೇರ್ಪಡಿಸಲಾಗದು.

ಪ್ರತಿ ಗಾಜಿನ ಹಿಂದೆ ಒಣಗಿಸಿದ ದಿನಾಂಕ, ಗಂಟೆ, ಕೋಣೆಯ ತಾಪಮಾನ ಮತ್ತು ತೇವಾಂಶವನ್ನು ಬರೆಯಿರಿ. ಬೆಳಗಾವಿಯ ಜುಲೈ ಮಳೆಯಲ್ಲಿ ಮಾಡಿದ ಪದರಗಳೂ ಮಾರ್ಚಿನಲ್ಲಿ ಮಾಡಿದವೂ ಬೇರೆಯಾಗಿದ್ದವು. ತೇವಾಂಶವನ್ನು ಬರೆದಿಡದಿದ್ದ ಕಾರಣ ನನ್ನ ಮೊದಲ ವರ್ಷದ ಅಳತೆಗಳನ್ನೆಲ್ಲ ಮತ್ತೊಮ್ಮೆ ಮಾಡಬೇಕಾಯಿತು. ಮೊದಲ ಸ್ಪೆಕ್ಟ್ರಮ್ ಬಂದಾಗ ನನಗೂ ಒಂದು ಪ್ರತಿ ಕಳುಹಿಸಿ. ಭುಜ ಏಳದಿದ್ದರೂ ಕಳುಹಿಸಿ, ಏಕೆ ಏಳಲಿಲ್ಲ ಎಂದು ಇಬ್ಬರೂ ಕೂತು ನೋಡೋಣ.